ಅಮ್ಮನ ಆಣೆ, ಆಬಾಳ ಹಲ್ಲು

ಎಲ್ಮಿನಾ
ಜೂನ್ ೬, ಶುಕ್ರವಾರ

ಅಬಿಜಾನ್‌ನಲ್ಲಿರುವ ನನ್ನಮ್ಮನಿಗೆ ಎಕುವಾ ಮಾಡುವ ನಮಸ್ಕಾರಗಳು.

ಹೇಗಿದ್ದೀಯಮ್ಮಾ? ಮೀನಿಗೆ ಹೊಗೆ ಹಾಕುವಾಗ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಅಜ್ಜಿ ಗಟ್ಟಿಯಾಗಿದ್ದಾಳೆ, ಬೈಗುಳವೂ ಗಟ್ಟಿಯಾಗಿದೆ.

ಹೋದ ತಿಂಗಳು ಒಂದು ಬೆಳಿಗ್ಗೆ ತಂಗಿ ಆಬಾ ಮೆಕ್ಕೆಜೋಳದ ಕೆಂಕಿ ಉಂಡೆಯನ್ನು ಕಚ್ಚಲಿಲ್ಲ. ಬಾಳೆಲೆ ಬಿಚ್ಚಿ, ಬೆರಳಲ್ಲಿ ಚೂರು ಮಾಡಿ, ಬಾಯಿಯ ಮೂಲೆಗೆ ತುರುಕಿಕೊಂಡಳು. ನೀನು ಊರಲ್ಲಿದ್ದ ಕೊನೆಯ ವರ್ಷ ಹಾಗೆಯೇ ತಿನ್ನುತ್ತಿದ್ದೆ. ಹದಿನಾರರ ಹುಡುಗಿ, ಮುಂದಿನ ಎರಡು ಹಲ್ಲು ಅಲುಗಾಡುತ್ತಿವೆ. “ತಾಯಿ ಸುಳ್ಳು ಆಣೆ ಇಟ್ಲು, ಈಗ ಮಗಳ ಬಾಯಿಗೆ ಬಂತು ನೋಡಿ” ಎಂದು ಕೊಬಿನಾ ಮಾವ ಬಲೆ ಹೆಣೆಯುತ್ತಲೇ ಅಂದರು. ಅಜ್ಜನ ಉಂಗುರ ಕಳೆದದ್ದು, ತೆಗೆದಿಲ್ಲವೆಂದು ನೀನು ಸಮುದ್ರದ ಮೇಲೆ ಆಣೆಯಿಟ್ಟದ್ದು, ವರ್ಷದೊಳಗೆ ನಿನ್ನ ಹಲ್ಲು ಉದುರಿದಾಗ ಅದನ್ನೇ ಕಡಲಿನ ತೀರ್ಪು ಎಂದದ್ದು, ಯಾವುದನ್ನೂ ಅವರು ಮರೆತಿಲ್ಲ.

ನಾನು ದಂತ ಆಸ್ಪತ್ರೆಯಲ್ಲಿ ರೋಗಿಗಳ ಮಾತು ಬರೆದುಕೊಳ್ಳುವ ಕೆಲಸದಲ್ಲಿದ್ದೇನಲ್ಲ, ಆಬಾಳನ್ನು ಅಲ್ಲಿಗೇ ಕರೆದೊಯ್ದೆ. “ಬಾಯಿ ತೆಗಿ ಮರಿ, ಕಚ್ಚೋಕೆ ಹಲ್ಲಿರೋದು ನಿಂಗೆ, ಹೆದರಬೇಕಾದೋಳು ನಾನು” ಎಂದು ಡಾಕ್ಟರ್ ಅಮಿಸಾ ಅವಳನ್ನು ನಗಿಸಿದರು. ಸೂಜಿಯಷ್ಟು ಸಣ್ಣ ಕಾಗದದ ಕಡ್ಡಿಗಳನ್ನು ಒಸಡಿನ ಸಂದಿಯಲ್ಲಿ ಅದ್ದಿ, ಕುಮಾಸಿಯ ಪ್ರಯೋಗಾಲಯಕ್ಕೆ ಕಳಿಸಿದರು. ಕಣ್ಣಿಗೆ ಕಾಣದ ರೋಗಾಣು ಹೇಗೆ ಸಿಗುತ್ತದೆ ಎಂದು ಕೇಳಿದೆ. “ಒಬ್ಬ ಪಿಸುಗುಟ್ಟಿದ್ರೆ ಕೇಳಲ್ಲ. ಅದೇ ಮಾತನ್ನ ಕೋಟಿ ಜನ ಒಟ್ಟಿಗೆ ಹೇಳಿದ್ರೆ? ಅದರ ಗುರುತಿನ ಎಳೆಯನ್ನ ಯಂತ್ರ ಹಾಗೆ ಕೋಟಿ ಮಾಡುತ್ತೆ.”

ಸಿಕ್ಕಿತಮ್ಮಾ. ಎಳೆಯರ ಹಲ್ಲಿನ ಬುಡದ ಎಲುಬನ್ನೇ ತಿನ್ನುವ ಜಾತಿಯದು. ಒಂದೇ ಮನೆಯಲ್ಲಿ ಬಾಯಿಂದ ಬಾಯಿಗೆ ದಾಟುತ್ತದಂತೆ. ನಿನ್ನ ವಿಷಯ ಹೇಳಿದೆ. “ಬಾಯಿ ನೋಡದೆ ಅವರದೂ ಇದೇ ಅಂತ ಆಣೆ ಹಾಕಲಾರೆ. ಆಣೆಗೂ ಹಲ್ಲಿಗೂ ಸಂಬಂಧ ಇಲ್ಲ ಅಂತ ಬೇಕಾದ್ರೆ ಆಣೆ ಹಾಕ್ತೀನಿ” ಅಂದರು. ಆಬಾಳಿಗೆ ಔಷಧಿ ಶುರುವಾಗಿದೆ. ಒಂದು ಹಲ್ಲು ಉಳಿಯಬಹುದು, ಇನ್ನೊಂದು ಉಳಿಯುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು “ನೀನೂ ನಂಬ್ತೀಯಾ ಎಕುವಾ?” ಎಂದು ಕೇಳಿದೆ. ನಾನು ನಿನ್ನ ಬಾಯಿಯನ್ನು ನೋಡಿದೆ, ಅಷ್ಟೇ. ಆಮೇಲೆ ನೀನು ಸೆರಗನ್ನು ತುಟಿಗೆ ಒತ್ತಿಕೊಂಡು ಒಳಗೆ ಹೋದೆ. ಅಷ್ಟು ಪುಸ್ತಕ ಓದಿದರೂ ಆ ಒಂದು ಪ್ರಶ್ನೆಯನ್ನು ದಾಟಲಾಗಲಿಲ್ಲ.

ಆಬಾ ಮುತ್ತು ಕಳಿಸಿದ್ದಾಳೆ, ತುಟಿ ಮುಚ್ಚಿಕೊಂಡು.

ನಿನ್ನ ಮಗಳು,
ಎಕುವಾ

ತಾ.ಕ.: ಮನೆಯವರನ್ನೆಲ್ಲ ಪರೀಕ್ಷಿಸಿದರು. ನನ್ನಲ್ಲಿ ಆ ರೋಗಾಣು ಇಲ್ಲ. ಅಜ್ಜಿಯಲ್ಲಿ ಅದೇ ಇದೆ. ನಿನಗೂ ಆಬಾಳಿಗೂ ಮೊದಲ ಮೀನಿನ ತುತ್ತನ್ನು ತಾನೇ ಅಗಿದು ತಿನ್ನಿಸಿದವಳು ಅವಳು. “ನನ್ನ ಬಾಯಿಯ ಬಲ ನಿಂಗೂ ಬರಲಿ” ಅನ್ನುತ್ತಿದ್ದಳಲ್ಲ. “ನನ್ನ ಪರೀಕ್ಷೆ ಚೀಟೀಲಿ ಏನಿದೆ, ಓದೇ” ಎಂದು ನಿನ್ನೆಯಿಂದ ಕೇಳುತ್ತಿದ್ದಾಳೆ. ಔಷಧಿ ಕೊಡಿಸುತ್ತೇನೆ, ಅದು ಯಾರಿಂದ ದಾಟಿತೆಂದು ಅವಳಿಗೆ ಹೇಳುವುದಿಲ್ಲ. ಮಂಗಳವಾರ ದೋಣಿಗಳು ಕಡಲಿಗಿಳಿಯುವುದಿಲ್ಲ, ಗಂಡಸರೆಲ್ಲ ಮನೆಯಲ್ಲಿರುತ್ತಾರೆ. ಅವತ್ತು ಮಾವನ ಎದುರು ನಿಂತು ಆಬಾಳ ಚೀಟಿಯನ್ನು ಗಟ್ಟಿಯಾಗಿ ಓದುತ್ತೇನೆ. ಅಜ್ಜಿಯದನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನೋಡಿ ಒಲೆಗೆ ಹಾಕು.