ಜೋಗುಳದಲ್ಲಿ ಉಳಿದ ಹೆಸರು

ಅಮ್ಮಾ,

ನೀನು ಹೋದ ಮೇಲೆ ನಮ್ಮಲ್ಲಿ ನಡೆದ ಮೊದಲ ಶುಭಕಾರ್ಯ ಇದು. ನಿನ್ನೆ ನೋಯ್ಡಾದಲ್ಲಿ ತಮ್ಮನ ಮಗುವಿಗೆ ನಾಮಕರಣವಾಯಿತು. ಆರುಷಿ ಎಂದು ಹೆಸರಿಟ್ಟರು.

ತೊಟ್ಟಿಲು ತೂಗುವಾಗ ನನ್ನ ಮಗಳು ಹಂಸಿನಿ ಗಿಟಾರ್ ತೆಗೆದಳು. ನಿನ್ನ ಜೋಗುಳಕ್ಕೆ ಗಿಟಾರೇ ಎಂದು ನನಗೆ ಮೈ ಉರಿಯಿತು.

"ಅರೇ ಮಮ್ಮಾ, ಅಜ್ಜಿ ರೆಕಾರ್ಡಿಂಗ್‌ನಲ್ಲಿ ಇದ್ದ ಹಾಗೇ ಹಾಡ್ತೀನಿ. ಕುಛ್ ಭೀ ಚೇಂಜ್ ಮಾಡಲ್ಲ."

ಹಾಗೆಯೇ ಹಾಡಿದಳು. ಕೆಮ್ಮು ಬಂದು ನೀನು ನಿಲ್ಲಿಸಿದ್ದ ಕಡೆ ಅವಳೂ ನಿಲ್ಲಿಸಿದಳು. ಮಗುವಿನ ಹೆಸರು ಬರಬೇಕಾದಲ್ಲೂ ನೀನು ಹಾಡಿದ್ದಂತೆ ನನ್ನ ಹೆಸರನ್ನೇ ಹಾಡಿದಳು, 'ಧಾರಿಣಿ' ಎಂದು. ತೊಟ್ಟಿಲಲ್ಲಿ ಯಾರಿದ್ದಾರೋ ಅವರ ಹೆಸರನ್ನು ಅಲ್ಲಿ ಸೇರಿಸಬೇಕೆಂದು ದೆಹಲಿಯಲ್ಲಿ ಬೆಳೆದ ಅವಳಿಗೆ ಯಾರು ಹೇಳಬೇಕಿತ್ತು? ಬಂದವರೆಲ್ಲ ನಕ್ಕರು.

"ಅಕ್ಕಾ, ಹೆಸರು ತಪ್ಪಿದೆ, ಹೇಳು ಅವಳಿಗೆ" ಎಂದ ತಮ್ಮ.

ನಾನು ಹೇಳಲಿಲ್ಲ. ಅವಳು ಎರಡನೆಯ ಸಲವೂ ಹಾಗೇ ಹಾಡಿದಳು.

ನೀನು ಅದನ್ನು ಹಾಡಿದ ದಿನ ನಮ್ಮ ಮಯೂರ್ ವಿಹಾರದ ಮನೆಯಲ್ಲಿ ತೊಟ್ಟಿಲೂ ಇರಲಿಲ್ಲ, ಮಗುವೂ ಇರಲಿಲ್ಲ. ನಿನ್ನೆದುರು ನಾನೊಬ್ಬಳೇ ಕೂತಿದ್ದೆ, ಸರಿಯಾಗಿ ರೆಕಾರ್ಡ್ ಆಗುತ್ತಿದೆಯೇ ಎಂದು ಫೋನನ್ನೇ ನೋಡುತ್ತ.