ಬಾಳೆಕಂಬದ ಸ್ಕ್ರೂ

ನವೆಂಬರ್ ೧೪, ಶುಕ್ರವಾರ

ಇವತ್ತೂ ಗಾಡಿ ಕೊಡಲಿಲ್ಲ. ಹೆಬ್ಬಾಳದ ಸರ್ವಿಸ್ ಸೆಂಟರಿನವನು ನಮ್ಮ ಹೊಸ ಕ್ಯಾಂಪರ್ ವ್ಯಾನಿಗೆ ಏಣಿ ಒರಗಿಸಿ, ನನ್ನನ್ನೂ ಹತ್ತಿಸಿ, ಛಾವಣಿಯ ಅಂಚಿನಲ್ಲಿದ್ದ ಎರಡು ತೂತು ತೋರಿಸಿದ. "ಮಳೆನೀರು ಇಲ್ಲಿಂದ್ಲೇ ಇಳೀತಿರೋದು ಮೇಡಂ. ಇದು ಕಂಪನಿ ಮಾಡಿದ್ದಲ್ಲ. ವಾರಂಟಿ ಸಿಗಲ್ಲ."

ಆ ತೂತುಗಳು ಆಯುಧಪೂಜೆಯವು. ವ್ಯಾನಿನ ನುಣುಪು ಮೈಗೆ ಬಾಳೆಕಂಬ ನಿಲ್ಲಲಿಲ್ಲ. ಕಟ್ಟಲೇಬೇಕೆಂದು ಅತ್ತೆ ಹಟ ಹಿಡಿದರು. ಶಿವಕಿರಣ್ ಉದಯಗಿರಿಯಿಂದ ಮೆಕ್ಯಾನಿಕ್ ಕರೆಸಿ ಸ್ಕ್ರೂ ಹೊಡೆಸಿದ. ಎಂಥಾ ಬುದ್ಧಿವಂತ ನನ್ನ ಗಂಡ! ಈಗ ಒಳಗಿನ ಹಾಸಿಗೆಯೆಲ್ಲ ಮುಗ್ಗಲು ವಾಸನೆ.

ಆ ಹಾಸಿಗೆಗಾಗಿಯೇ ಗಾಡಿ ತೆಗೆದುಕೊಂಡಿದ್ದು. ಅತ್ತೆಗೆ ಕೂರಲು ಆಗುವುದಿಲ್ಲ. ಕಾರ್ತಿಕದಲ್ಲಿ ಮಲಗಿಕೊಂಡಾದರೂ ಶ್ರೀಶೈಲಕ್ಕೆ ಹೋಗಿ ಬರಲಿ ಎಂದು. ಈ ತಿಂಗಳು ಬಿಟ್ಟರೆ ಮತ್ತೆ ಪ್ರಯಾಣ ಬೇಡ ಎಂದಿದ್ದಾರೆ ಡಾಕ್ಟರು. ಆಮೇಲೇನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ದುಡ್ಡು ಕೊಟ್ಟು ಮಾಡಿಸಿದರೂ ಛಾವಣಿ ಬಿಚ್ಚಿ ಒಣಗಿಸಲು ತಿಂಗಳಾಗುತ್ತದಂತೆ.

ಮನೆಗೆ ಬಂದಾಗ ಅತ್ತೆಯ ದಿಂಬಿನ ಪಕ್ಕ ಮಡಿಸಿದ ಸೀರೆ, ವಿಭೂತಿ ಗಟ್ಟಿ ಸಿದ್ಧವಾಗಿದ್ದವು.

"ಗಾಡಿ ಬಂತೇನವ್ವ?"

"ಪಾರ್ಟ್ಸ್ ಬರ್ಬೇಕಂತೆ ಅತ್ತೆ" ಎಂದು ಸುಳ್ಳು ಹೇಳಿದೆ. ಕಾರ್ತಿಕದೊಳಗೆ ಗಾಡಿ ಸಿಗುವುದಿಲ್ಲ ಎಂದು ಗೊತ್ತಾದರೆ ಅವರು ಈಗಲೇ ಗೋಡೆ ಕಡೆ ತಿರುಗಿ ಮಲಗಿ, ಬದುಕುವ ಆಸೆಯನ್ನೇ ಬಿಟ್ಟುಬಿಡುತ್ತಾರೆ.

ಅವರು ನನ್ನ ಕೈ ಹಿಡಿದುಕೊಂಡರು. "ಹೊಸ ಗಾಡಿ ನೋಡು, ಯಾರದೋ ದೃಷ್ಟಿ ತಾಕೈತೆ. ಬಂದ ತಕ್ಷಣ ಇನ್ನೊಂದ್ಸಲ ಪೂಜೆ ಮಾಡಿಸ್ಬುಡಿ. ಬಾಳೆಕಂಬ ಈ ಸಲ ಇನ್ನೂ ಬಿಗಿಯಾಗಿ ಕಟ್ಟಿಸ್ಬೇಕು ಕಣಮ್ಮ."

ಆಗಲಿ ಅತ್ತೆ ಎಂದೆ.