ನನ್ನ ನಾನಿಯ ಪದಕ್ಕೆ ನಿನ್ನ ಅಜ್ಜಿಯ ಹೆಸರು

ಒಂದು ಕಾಲದ ಗೆಳೆಯ ಅಭಿನಂದನ್‌ಗೆ,

'ಬೆನ್ನಿಗೆ ಚೂರಿ ಹಾಕಿಬಿಟ್ಟೆ ರೆಹಾನಾ' ಎಂದು ನಿನ್ನೆ ಮೆಸೇಜ್ ಕಳಿಸಿದ್ದೀಯ. ಟ್ರಸ್ಟಿನವರಿಗೆ ಫೋನ್ ಮಾಡಿದ್ದು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮಾತನ್ನು ನೀನು ನನಗೆ ಹೇಳಿದೆಯಲ್ಲ, ಅದಕ್ಕಾಗಿ ಈ ಪತ್ರ.

ಮದುವೆಯಾಗಿ ನಾನೂ ನವೀದರೂ ಐರ್ಲೆಂಡಿನ ಗಾಲ್ವೇಗೆ ಬಂದ ಹೊಸತರಲ್ಲಿ ದಸರಾ ಕಾರ್ಯಕ್ರಮದಲ್ಲಿ ನೀನು ಪಿಟೀಲು ನುಡಿಸಿದ್ದೆ. ನಾನು ಪಾರ್ಕ್‌ಮೋರ್‌ನ ಕಂಪನಿಯಲ್ಲಿ ದಿನವಿಡೀ ಹೃದಯಕ್ಕೆ ಹಾಕುವ ಸ್ಟೆಂಟುಗಳ ಗುಣಮಟ್ಟ ನೋಡಿ, ಸಂಜೆ ಪಿಯಾನೊ ಕಲಿಯಲು ಹೋಗುತ್ತಿದ್ದವಳು. ಸ್ವರ ಬರೆಯುವುದನ್ನು ತಾಳ್ಮೆಯಿಂದ ತಿದ್ದಿದವನು ನೀನು. ಆ ಋಣ ಇಲ್ಲವೆನ್ನಲಾರೆ. ಶನಿವಾರ ನೀನು ಡಬ್ಲಿನ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನವೀದ್ ಬಿರಿಯಾನಿ ಮಾಡುತ್ತಿದ್ದರು, ನಾವಿಬ್ಬರೂ ಕೀಬೋರ್ಡಿನ ಮುಂದೆ ಕೂತು ಜಗಳವಾಡುತ್ತಿದ್ದೆವು.

ಅಂಥ ಒಂದು ಶನಿವಾರ ನಾನು ನನ್ನ ನಾನಿ ಹುಸೇನಬಿಯ ಪದ ಹಾಡಿದೆ. ನಮ್ಮ ಇಂಡಿ ಕಡೆ ಮೊಹರಮ್ಮಿನಲ್ಲಿ ಗಂಡಸರು ಬೀದಿಯಲ್ಲಿ ಹಾಡುವ ರಿವಾಯತ್ ಪದವನ್ನು ನಾನಿ ರೊಟ್ಟಿ ಬಡಿಯುತ್ತ ತಗ್ಗಿದ ದನಿಯಲ್ಲಿ ಹಾಡುತ್ತಿದ್ದಳು. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿದ ಕೂಸಿನ ಪದ, ಅಚ್ಚ ಕನ್ನಡದ ಪದ. 'ಯಾರ್ ಕೇಳಿದ್ರೂ ಕಲಿಸವ್ವಾ, ಆದ್ರ ಯಾರ್ ಬಾಯಿಂದ ಬಂತು ಅಂತ ಹೇಳಿ ಕಲಿಸು' ಎನ್ನುತ್ತಿದ್ದಳು. ಇದನ್ನೂ ನಿನಗೆ ಹೇಳಿದ್ದೆ. ಅಂದು ನಿನ್ನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣೀರು ಸುಳ್ಳಾಗಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಅದಕ್ಕೇ ಹೆಚ್ಚು ನೋಯುತ್ತದೆ.

ನಾಲ್ಕು ವಾದ್ಯಗಳಿಗಾಗಿ ನೀನು ಬರೆಯುತ್ತಿದ್ದ ಕೃತಿಯ ಎರಡನೆಯ ಭಾಗ ಹಾಗೆ ಹುಟ್ಟಿತು. ರಾಗ ನಾನಿಯದು, ಹೆಣಿಗೆ ನಮ್ಮಿಬ್ಬರದು. ಅಷ್ಟರಲ್ಲಿ ಬ್ರಿಟಿಷ್ ಮತ್ತು ಐರಿಷ್ ಸಂಯೋಜಕರ ಹೊಸ ಕೃತಿಗಳಿಗೆ ಅನುದಾನ ಕೊಡುವ ಆ ಟ್ರಸ್ಟ್ ಅರ್ಜಿ ಕರೆಯಿತು. ನಿನಗೆ ಇಲ್ಲಿಯ ಪಾಸ್‌ಪೋರ್ಟ್ ಇತ್ತು, ನನಗೆ ಬರೀ ವರ್ಕ್ ಪರ್ಮಿಟ್. 'ಇಬ್ರ ಹೆಸ್ರು ಹಾಕಿದ್ರೆ ರಿಜೆಕ್ಟ್ ಆಗುತ್ತೆ ಕಣೇ. ಮೊದ್ಲು ಗ್ರಾಂಟ್ ಬರ್ಲಿ, ಸ್ಟೇಜ್ ಮೇಲೆ ನಿನ್ ಹೆಸ್ರು, ನಿನ್ ನಾನಿ ಹೆಸ್ರು ನಾನೇ ಹೇಳ್ತೀನಿ' ಎಂದೆ. ನವೀದ್ 'ಒಂದ್ಸಲ ಟ್ರಸ್ಟ್‌ನವರನ್ನೇ ಕೇಳು' ಎಂದಿದ್ದರು. ಅವರನ್ನು ಸುಮ್ಮನಾಗಿಸಿದವಳು ನಾನು. ಗೆಳೆತನದಲ್ಲಿ ಅನುಮಾನ ಯಾಕೆ ಎಂದುಕೊಂಡೆ.

ಅನುದಾನ ಬಂತು. ಕೃತಿಯ ಮೊದಲ ಪ್ರದರ್ಶನದ ದಿನ ಡಬ್ಲಿನ್‌ನ ಆ ಸಭಾಂಗಣದಲ್ಲಿ ನಾನು ಹೊಸ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದೆ. ನೀನು ಮೈಕ್ ಹಿಡಿದು, ಎರಡನೆಯ ಭಾಗ ನಿನ್ನ ಅಜ್ಜಿ ತೊಡೆಯ ಮೇಲೆ ಮಲಗಿಸಿಕೊಂಡು ಹಾಡುತ್ತಿದ್ದ ಜೋಗುಳ ಎಂದೆ. ಮೊದಲು ನನಗೆ ಅರ್ಥವೇ ಆಗಲಿಲ್ಲ, ಬೇರೆ ಯಾವುದೋ ಕೃತಿ ಇರಬೇಕು ಎಂದುಕೊಂಡೆ. ಚೆಲ್ಲೊ ನನ್ನ ನಾನಿಯ ದನಿಯಲ್ಲಿ ಶುರುವಾಯಿತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ನಾನು ಮಾತ್ರ ಕಲ್ಲಿನಂತೆ ಕೂತಿದ್ದೆ.

ಕೊನೆಯಲ್ಲಿ ಸಭಿಕರು ಪ್ರಶ್ನೆ ಕೇಳಬಹುದು ಎಂದರು. ನಾನು ಕೈ ಎತ್ತಿ, 'ಆ ಅಜ್ಜಿಯ ಹೆಸರೇನು?' ಎಂದು ಕೇಳಿದೆ. ನಿನಗೆ ಬಾಗಿಲು ತೆರೆದುಕೊಟ್ಟಿದ್ದೆ ಅಭಿ. ನೀನು ನನ್ನ ಮುಖ ನೋಡಿದೆ. ಆಮೇಲೆ 'ಜಯಶೀಲಾ' ಎಂದೆ. ಚಪ್ಪಾಳೆ ಬಿತ್ತು. ಪಾಪ, ನಿನ್ನ ಅಜ್ಜಿ! ಅವರು ಹಾಡುತ್ತಲೇ ಇರಲಿಲ್ಲವೆಂದು ನೀನೇ ನಗುತ್ತ ಹೇಳಿದ್ದೆ.

ಹೊರಗೆ ಕಾಫಿ ಹಿಡಿದು ನಿಂತಿದ್ದ ನಿನ್ನನ್ನು ಯಾಕೆ ಹೀಗೆ ಮಾಡಿದೆ ಎಂದು ಕೇಳಿದಾಗ, 'ಸ್ವಂತ ಕತೆ ಇಲ್ದಿದ್ರೆ ಇವ್ರಿಗೆ ಹಿಡಿಸಲ್ಲ ಕಣೇ. ಮೊಹರಂ, ಗಿಹರಂ ಅಂತ ಯಾರಿಗೆ ಎಕ್ಸ್‌ಪ್ಲೇನ್ ಮಾಡೋದು? ಎಲ್ಲಾ ಗ್ರ್ಯಾಂಡ್ ಆಯ್ತಲ್ಲ, ಬಿಡು' ಎಂದೆ. ಹೆಸರು ಮರೆತಿದ್ದರೆ ಕ್ಷಮಿಸುತ್ತಿದ್ದೆ. ನೀನು ಮರೆತಿರಲಿಲ್ಲ. ನಮ್ಮನ್ನು ಅಳಿಸಿದರೆ ನಿನ್ನ ಕತೆ ಚೊಕ್ಕಟವಾಗುತ್ತದೆ ಎಂದು ತೂಗಿ ನೋಡಿದ್ದೆ.

ಒಂದು ವಾರ ನಿನ್ನ ಫೋನಿಗಾಗಿ ಕಾದೆ. ಬಂತು. ಕೃತಿಯನ್ನು ಬೆಳೆಸಲು ಪದದ ಉಳಿದ ನುಡಿಗಳು ಬೇಕಂತೆ! ಅವತ್ತೇ ಟ್ರಸ್ಟಿನವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ನಮ್ಮ ಮನೆಯಲ್ಲೇ ಅಭ್ಯಾಸ ಮಾಡಿದ್ದ ಚೆಲ್ಲೊ ವಾದಕಿಯೂ ಸಾಕ್ಷಿ ಹೇಳಿದಳು. ನನಗೆ ಇನ್ನೊಂದು ವಿಷಯವೂ ಗೊತ್ತಾಯಿತು: ಜೊತೆ ಸಂಯೋಜಕರಾಗಿ ವರ್ಕ್ ಪರ್ಮಿಟ್ಟಿನವರ ಹೆಸರು ಸೇರಿಸಲು ಅಡ್ಡಿಯೇ ಇರಲಿಲ್ಲ. ಅದು ನಿನಗೂ ಗೊತ್ತಿತ್ತಂತೆ. ಅರ್ಜಿಗೆ ಮೊದಲೇ ನೀನು ವಿಚಾರಿಸಿದ್ದೆಯಂತೆ.

ನಿನ್ನ ಅನುದಾನ ಕಿತ್ತುಕೊಳ್ಳಿ ಎಂದು ನಾನು ಕೇಳಲಿಲ್ಲ. ಎರಡನೆಯ ಭಾಗವನ್ನು ತೆಗೆಯಿರಿ ಎಂದೆ. ಒಪ್ಪಿದ್ದಾರೆ. ಮುಂದಿನ ತಿಂಗಳು ಗಾಲ್ವೇಯಲ್ಲಿ ಉಳಿದ ಮೂರು ಭಾಗಗಳನ್ನಷ್ಟೇ ನುಡಿಸುತ್ತಾರೆ. ಅವು ನಿನ್ನವೇ, ನಿಜಕ್ಕೂ ಚೆನ್ನಾಗಿವೆ. ಕೊನೆಯ ಭಾಗವನ್ನು ನೀನು ಬರೆದು ಮುಗಿಸಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಸಭಾಂಗಣ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ನಾನು ಬರುವುದಿಲ್ಲ.

ನಿನ್ನ ಸಂಗೀತ ನಿನ್ನದಾಗಿಯೇ ಬೆಳೆಯಲಿ. ನಿನ್ನ ಕೈಬೆರಳುಗಳನ್ನು ಖುದಾ ಚೆನ್ನಾಗಿಟ್ಟಿರಲಿ.

ಹುಸೇನಬಿಯ ಮೊಮ್ಮಗಳು,
ರೆಹಾನಾ